ಬ್ಯಾಂಕಿನ ಇ-ಹರಾಜಿನಲ್ಲಿ ಕಲಬುರಗಿಯ ಮನೆಯೊಂದನ್ನು ಕೊಂಡ ಬಗೆ

ಬ್ರಹ್ಮಪುರದ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷ ಕಳೆದ ಮೇಲೆ, 2025ರ ಜನವರಿಯಲ್ಲಿ, ನಾವು ಸ್ವಂತ ಮನೆಯ ಹುಡುಕಾಟಕ್ಕೆ ಇಳಿದೆವು. ನಾನು ಪ್ರೌಢಶಾಲೆಯ ಶಿಕ್ಷಕಿ. ಯಜಮಾನರು ಔಷಧಿ ಅಂಗಡಿಯೊಂದರ ಲೆಕ್ಕ ಬರೆಯುತ್ತಾರೆ. ಆಳಂದ ತಾಲ್ಲೂಕಿನ ಊರಿನಲ್ಲಿ ಅವರ ಪಾಲಿಗೆ ಬಂದಿದ್ದ ಹೊಲ ಮಾರಿದ ಹಣ ಠೇವಣಿಯಲ್ಲಿತ್ತು. ದಲ್ಲಾಳಿಗಳು ಏಳೆಂಟು ಮನೆ ತೋರಿಸಿದರು. ಬೆಲೆಯ ಒಂದು ಪಾಲನ್ನು ಕಾಗದದಲ್ಲಿ ಕಾಣಿಸದೆ ನಗದಾಗಿ ಕೊಡಬೇಕೆಂಬ ಮಾತು ಬಂದಾಗಲೆಲ್ಲ ನಾವು ಎದ್ದು ಬಂದೆವು. ಆ ದಿನಗಳಲ್ಲೇ ಪತ್ರಿಕೆಯ ಒಳಪುಟದಲ್ಲಿ ಬ್ಯಾಂಕೊಂದರ ಇ-ಹರಾಜು ಪ್ರಕಟಣೆ ಕಣ್ಣಿಗೆ ಬಿತ್ತು. ಅದರಲ್ಲಿ ಕಲಬುರಗಿಯ ಐದು ಮನೆಗಳಿದ್ದವು. ಪೂರ್ತಿ ಬೆಲೆ ಬ್ಯಾಂಕಿನ ಮೂಲಕವೇ ಸಲ್ಲುತ್ತದೆ ಎಂಬ ಒಂದೇ ಕಾರಣಕ್ಕೆ ಅದು ನನಗೆ ಹಿಡಿಸಿತು.

ಆದರೆ ಮೊದಲು ಆ ಪ್ರಕಟಣೆಯನ್ನು ಓದುವುದನ್ನೇ ಕಲಿಯಬೇಕಾಯಿತು. ಸಾಲಗಾರ ಕಂತು ಕಟ್ಟದೆ ಖಾತೆ ಅನುತ್ಪಾದಕವಾದಾಗ, ಬ್ಯಾಂಕುಗಳ ಸಾಲ ವಸೂಲಿಗೆಂದು ಇರುವ 2002ರ ಸರ್ಫೇಸಿ ಕಾಯ್ದೆಯ ಕಲಂ 13(2)ರ ಅಡಿಯಲ್ಲಿ ಬ್ಯಾಂಕು 60 ದಿನಗಳ ನೋಟಿಸು ಕೊಡುತ್ತದೆ; ಅಷ್ಟರಲ್ಲಿ ಬಾಕಿ ತೀರದಿದ್ದರೆ ಕಲಂ 13(4)ರ ಪ್ರಕಾರ ಅಡಮಾನದ ಮನೆಯನ್ನು ಸ್ವಾಧೀನಕ್ಕೆ ಪಡೆದು, ನ್ಯಾಯಾಲಯದ ಡಿಕ್ರಿ ಇಲ್ಲದೆಯೇ ಮಾರಬಹುದು. ಮಾರುವವರು ಬ್ಯಾಂಕಿನ ‘ಪ್ರಾಧಿಕೃತ ಅಧಿಕಾರಿ’. ಮೊದಲ ಸಲ ಹರಾಜಿಗೆ ಬರುವ ಆಸ್ತಿಗೆ ಪ್ರಕಟಣೆಯಾದ ಮೇಲೆ ಕನಿಷ್ಠ 30 ದಿನ ಕಾಯಬೇಕು. ಆ ಹರಾಜು ಫಲಿಸದೆ ಮತ್ತೆ ಕರೆದರೆ 15 ದಿನ ಸಾಕು. ಪ್ರಕಟಣೆಯ ಸಾಲಿನಲ್ಲಿ ಸಾಲಗಾರರ ಹೆಸರು, ಬಾಕಿ ಮೊತ್ತ, ಚೆಕ್ಕುಬಂದಿ (ಆಸ್ತಿಯ ನಾಲ್ಕು ದಿಕ್ಕಿನ ಗಡಿ), ಮೀಸಲು ಬೆಲೆ (ಇದಕ್ಕಿಂತ ಕಡಿಮೆಗೆ ಕೂಗುವಂತಿಲ್ಲ), ಬಯಾನಾ ಠೇವಣಿ (ಕೂಗುವ ಮೊದಲೇ ಇಡಬೇಕಾದ ಮುಂಗಡ), ಮನೆ ನೋಡಲು ಬಿಡುವ ದಿನ ಇವೆಲ್ಲ ಇರುತ್ತವೆ. ಇವುಗಳ ನಡುವೆ ಒಂದು ಸಣ್ಣ ಪದವೂ ಇರುತ್ತದೆ: ಸ್ವಾಧೀನ ‘ಸಾಂಕೇತಿಕ’ ಅಥವಾ ‘ಭೌತಿಕ’. ನಾನು ಆ ಪದದ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗಿದ್ದೆ.

ಅದರ ಅರ್ಥ ತಿಳಿದದ್ದು ಆಳಂದ ರಸ್ತೆಯ ಕಡೆಯ ಒಂದು ಮನೆಯ ಮುಂದೆ ನಿಂತಾಗ. ಮೀಸಲು ಬೆಲೆ ನಮ್ಮ ಕೈಗೆ ಎಟುಕುವಂತಿತ್ತು, ರಸ್ತೆ ಅಗಲವಾಗಿತ್ತು, ಹೊರಗಿನಿಂದ ನೋಡಿದರೆ ಗೋಡೆಗಳಲ್ಲಿ ಬಿರುಕು ಕಾಣಲಿಲ್ಲ. ಗೇಟಿನ ಪಕ್ಕ ಬ್ಯಾಂಕಿನ ನೋಟಿಸು ಅಂಟಿಸಿದ್ದರು. ಅಂಗಳದಲ್ಲಿ ಒಬ್ಬ ಅಜ್ಜಿ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದರು. ನಾವು ಯಾರು, ಏಕೆ ಬಂದೆವು ಎಂದು ಅವರು ಕೇಳಲಿಲ್ಲ. ಮೊರದಿಂದ ಕಣ್ಣೆತ್ತಿ, “ಒಳಗ ಬಂದು ನೋಡ್ರಿ ಯವ್ವಾ, ಎಲ್ಲಾರೂ ಹೊರಗೇ ನಿಂತು ನೋಡಿ ಹೋಗ್ಲತ್ತಾರ” ಎಂದರು. ಒಳಗೆ ಹೋಗಲು ನನಗೆ ಕಾಲು ಬರಲಿಲ್ಲ.

ಅದೇ ಸಂಜೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ವಕೀಲಿ ಮಾಡುವ ಪರಿಚಯದವರ ಬಳಿ ಹೋದೆವು. ಅವರು ಪ್ರಕಟಣೆಯನ್ನು ಒಮ್ಮೆ ನೋಡಿ ಬೆರಳಿಟ್ಟದ್ದು ಆ ಒಂದು ಪದದ ಮೇಲೆಯೇ. “ಅಕ್ಕೋರ, ಸವಾಲ್ ಗೆದ್ರ ಮನಿ ನಿಮ್ದಾಗ್ತದ, ಖರೇ ಅದ. ಆದ್ರ ಕೀಲಿ ನಿಮ್ಮ ಕೈಗೆ ಯಾವತ್ತು ಬರ್ತದ ಅಂತ ಈ ಕಾಗದದಾಗ ಎಲ್ಲೂ ಬರ್ದಿಲ್ಲ ನೋಡ್ರಿ” ಎಂದರು. ಸಾಂಕೇತಿಕ ಸ್ವಾಧೀನವೆಂದರೆ ಬ್ಯಾಂಕು ಬಾಗಿಲಿಗೆ ನೋಟಿಸು ಅಂಟಿಸಿ ಪತ್ರಿಕೆಯಲ್ಲಿ ಪ್ರಕಟಿಸಿದೆ, ಅಷ್ಟೆ. ಮನೆಯಲ್ಲಿ ಜನ ಇದ್ದೇ ಇರುತ್ತಾರೆ. ಅವರನ್ನು ತೆರವು ಮಾಡಿಸಲು ಕಲಂ 14ರ ಅಡಿಯಲ್ಲಿ ಜಿಲ್ಲಾ ದಂಡಾಧಿಕಾರಿಗಳಿಗೋ ಮುಖ್ಯ ನ್ಯಾಯಿಕ ದಂಡಾಧಿಕಾರಿಗಳಿಗೋ ಬ್ಯಾಂಕು ಅರ್ಜಿ ಹಾಕಬೇಕು. ಜಿಲ್ಲಾ ದಂಡಾಧಿಕಾರಿಗಳು 30 ದಿನಗಳೊಳಗೆ, ಕಾರಣ ದಾಖಲಿಸಿದರೆ ಒಟ್ಟು 60 ದಿನಗಳೊಳಗೆ, ಆದೇಶ ಮಾಡಬೇಕೆಂದು ಕಾಯ್ದೆಯಲ್ಲಿದೆ. ಆದರೆ ಆದೇಶವಾಗುವುದು ಬೇರೆ, ಪೊಲೀಸರ ಸಮ್ಮುಖದಲ್ಲಿ ಮನೆ ತೆರವಾಗುವುದು ಬೇರೆ. ಇದರ ನಡುವೆ ಸಾಲಗಾರರು ಕಲಂ 17ರ ಅಡಿಯಲ್ಲಿ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಆ ನ್ಯಾಯಾಧಿಕರಣ ಇರುವುದು ಬೆಂಗಳೂರಿನಲ್ಲಿ. ಅಲ್ಲಿ ಪ್ರಕರಣ ನಡೆದಷ್ಟು ಕಾಲ ಕೊಂಡವರು ಹಣ ಪೂರ್ತಿ ಕಟ್ಟಿ ಹೊರಗೆ ನಿಲ್ಲುತ್ತಾರೆ.

ಆ ಮನೆಯನ್ನು ನಾವು ಕೈಬಿಟ್ಟೆವು. ಕಾನೂನಿನ ತೊಡಕು ಒಂದು ಕಾರಣ, ಆ ಅಜ್ಜಿ ಇನ್ನೊಂದು ಕಾರಣ.

ಎರಡನೆಯ ಮನೆ ಸೇಡಂ ರಸ್ತೆಯಿಂದ ಒಳಗೆ, 30×40 ಅಡಿಯ ನಿವೇಶನದಲ್ಲಿತ್ತು. ಕೆಳಗೆ ಎರಡು ಕೋಣೆ, ಪಡಸಾಲೆ, ಅಡುಗೆಮನೆ; ಮೇಲೆ ಒಂದು ಕೋಣೆ. ಪ್ರಕಟಣೆಯಲ್ಲಿ ‘ಭೌತಿಕ ಸ್ವಾಧೀನ’ ಎಂದಿತ್ತು. ಬಾಗಿಲಿಗೆ ಬ್ಯಾಂಕಿನ ಕೀಲಿ ಮತ್ತು ಮೊಹರು ಇದ್ದವು. ಮೀಸಲು ಬೆಲೆ 36,00,000 ರೂಪಾಯಿ, ಬಯಾನಾ ಅದರ ಶೇ 10 ಎಂದರೆ 3,60,000, ಪ್ರತಿ ಏರಿಕೆ 25,000. ನೋಡಲು ಗೊತ್ತುಪಡಿಸಿದ ದಿನ ಬ್ಯಾಂಕಿನವರು ಕೀಲಿ ತೆಗೆದಾಗ ನಾನು ಪಡಸಾಲೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ನಡೆದಾಡಿದೆ, ಮೇಸ್ತ್ರಿಯೊಬ್ಬರನ್ನು ಕರೆದೊಯ್ದು ಮಾಳಿಗೆ, ನೀರಿನ ಟ್ಯಾಂಕು, ಕೊಳವೆ, ವೈರಿಂಗ್ ಎಲ್ಲವನ್ನೂ ನೋಡಿಸಿದೆ. ಮೇಲಿನ ಕೋಣೆಯ ಛಾವಣಿ ಸೋರುತ್ತಿತ್ತು. ವೈರಿಂಗ್ ಪೂರ್ತಿ ಬದಲಿಸಬೇಕಿತ್ತು. ಮೇಸ್ತ್ರಿ ಎರಡು ಲಕ್ಷದ ಅಂದಾಜು ಕೊಟ್ಟರು. ಆ ಅಂದಾಜನ್ನು ನಾನು ಬರೆಯಿಸಿಕೊಂಡೆ, ಏಕೆಂದರೆ ಹರಾಜಿನ ಷರತ್ತುಗಳ ಮೊದಲ ಸಾಲೇ ಆಸ್ತಿಯನ್ನು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಮಾರಲಾಗುತ್ತದೆ ಎಂದಿತ್ತು. ಕೊಂಡ ಮೇಲೆ ಸೋರುವ ಛಾವಣಿ ನಮ್ಮದು, ಹಳೆಯ ಬಾಕಿಗಳೂ ಬಹುಮಟ್ಟಿಗೆ ನಮ್ಮವು.

ಈ ಮಾತಿನ ತೂಕ ಎಷ್ಟೆಂಬುದನ್ನು ಲೆಕ್ಕ ಹಾಕಲು ಮೂರು ವಾರ ಹಿಡಿಯಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ ತೆಗೆದೆವು. ಹಳೆಯ ವರ್ಷಗಳಿಗಾಗಿ ಉಪನೋಂದಣಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟೆವು. ಒಂದೇ ಮನೆಯ ಮೇಲೆ ಎರಡು ಕಡೆ ಸಾಲ ಇರುವುದೂ ಉಂಟೆಂದು ವಕೀಲರು ಎಚ್ಚರಿಸಿದ್ದರಿಂದ, ಬ್ಯಾಂಕುಗಳು ತಮ್ಮ ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ನೋಂದಣಿಯಲ್ಲಿಯೂ ಹುಡುಕಿದೆವು. ನ್ಯಾಯಾಧಿಕರಣದಲ್ಲಿ ಈ ಸಾಲಗಾರರ ಹೆಸರಿನ ಪ್ರಕರಣ ಇರಲಿಲ್ಲ. ಪಾಲಿಕೆಯಲ್ಲಿ ಆಸ್ತಿ ತೆರಿಗೆಯ ಬಾಕಿ ದಂಡ ಸೇರಿ 46,000 ರೂಪಾಯಿ, ವಿದ್ಯುತ್ ಬಾಕಿ 11,200. ವಿದ್ಯುತ್ತಿನ ಹಳೆಯ ಬಾಕಿಯನ್ನು ಹೊಸ ಮಾಲೀಕರಿಂದ ಕೇಳಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಸರಬರಾಜು ನಿಯಮಗಳಲ್ಲಿ ಹಾಗೆ ಇದ್ದರೆ ಕೇಳಬಹುದು ಎಂದು 2023ರ ಮೇ ತಿಂಗಳಲ್ಲಿ ತೀರ್ಮಾನವಾಗಿದೆ. ಅದನ್ನು ತಿಳಿದ ಮೇಲೆ ಆ ಮೊತ್ತವನ್ನೂ ನಮ್ಮ ಖರ್ಚಿನ ಪಟ್ಟಿಗೆ ಸೇರಿಸಿದೆ.

ಚೆಕ್ಕುಬಂದಿಯ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಪ್ರಕಟಣೆಯಲ್ಲಿ ಪೂರ್ವಕ್ಕೆ ರಸ್ತೆ ಎಂದಿತ್ತು. ಮನೆಯ ಮುಂದಿನ ರಸ್ತೆ ಉತ್ತರಕ್ಕಿತ್ತು, ಮೂಲ ಕ್ರಯಪತ್ರದಲ್ಲಿಯೂ ಉತ್ತರವೆಂದೇ ಬರೆದಿತ್ತು. ಬ್ಯಾಂಕಿನವರು ಇದು ಬೆರಳಚ್ಚಿನ ತಪ್ಪು, ಮುಂದೆ ಸರಿಯಾಗುತ್ತದೆ ಎಂದರು. ನಾನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ, ಎರಡು ಸಲ ಅಲೆದು, ಮೊಹರು ಸಹಿತ ತಿದ್ದುಪಡಿ ಪತ್ರ ಪಡೆದೆ. ಮುಂದೆ ಆ ಪತ್ರವೇ ನಮ್ಮನ್ನು ಉಳಿಸಿತು.

ನಮ್ಮ ಬಳಿ ಎಲ್ಲ ಸೇರಿ 48 ಲಕ್ಷ ಹೊಂದುವಂತಿತ್ತು. ಆ ವಸಂತದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ ಶೇ 1 ಇತ್ತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ, ಈಗ ಕೊಳ್ಳುವವರು ಅದನ್ನು ಸೇರಿಸಿಕೊಳ್ಳಬೇಕು. 42,50,000ಕ್ಕೆ ಕೂಗಿದರೆ ಶುಲ್ಕವೇ 2,80,500, ಬಾಕಿಗಳು 57,200, ರಿಪೇರಿ ಎರಡು ಲಕ್ಷ, ಒಟ್ಟು 47,87,700. ಹೀಗಾಗಿ 42,50,000 ಎಂಬುದೇ ನಮ್ಮ ಗಡಿಯಾಯಿತು. ಮನೆಗೆ ನಾವು ಎಷ್ಟು ಕೊಡಬಹುದು ಎಂಬುದನ್ನು ಹರಾಜಿನ ಬೆಲೆಯಿಂದ ಮೇಲಕ್ಕೆ ಎಣಿಸಬಾರದು, ಕೈಯಲ್ಲಿರುವ ಒಟ್ಟು ಹಣದಿಂದ ಕೆಳಕ್ಕೆ ಇಳಿಸುತ್ತ ಬರಬೇಕು ಎಂಬುದನ್ನು ನಾನು ಈ ಲೆಕ್ಕದಲ್ಲಿ ಕಂಡುಕೊಂಡೆ. ಮಗಳು ಆ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಳು. (ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1 ಆದಾಯ ತೆರಿಗೆಯನ್ನು ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ನಮಗೆ ಆ ಪ್ರಸಂಗ ಬರಲಿಲ್ಲ.)

ಜಾಲತಾಣದಲ್ಲಿ ಹೆಸರು ನೋಂದಾಯಿಸುವುದು ಕಷ್ಟವೇನಲ್ಲ. ಸರ್ಕಾರಿ ವಲಯದ ಬ್ಯಾಂಕುಗಳ ಆಸ್ತಿಗಳು ಈಗ ‘ಬ್ಯಾಂಕ್‌ನೆಟ್’ ಎಂಬ ಒಂದೇ ತಾಣದಲ್ಲಿ ಸಿಗುತ್ತವೆ. ಮೊಬೈಲ್ ಸಂಖ್ಯೆ, ಪ್ಯಾನ್, ಗುರುತಿನ ದಾಖಲೆ ಕೊಟ್ಟು, ಅವು ಪರಿಶೀಲನೆಯಾದ ಮೇಲೆ ಬಯಾನಾ ಹಣವನ್ನು ತಾಣದ ವ್ಯಾಲೆಟ್ಟಿಗೆ ಕಳಿಸಿ, ನಿರ್ದಿಷ್ಟ ಆಸ್ತಿಗೆ ಜೋಡಿಸಬೇಕು. ಸೋತವರಿಗೆ ಅದು ಬಡ್ಡಿಯಿಲ್ಲದೆ ಮರಳುತ್ತದೆ. ಕೊನೆಯ ದಿನದವರೆಗೆ ಕಾಯದೆ ನಾಲ್ಕು ದಿನ ಮೊದಲೇ ಇದನ್ನು ಮುಗಿಸಿದ್ದು ಒಳ್ಳೆಯದಾಯಿತು.

ಹರಾಜು ಫೆಬ್ರವರಿಯ ಒಂದು ದಿನ, ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ. ನಾನು ಶಾಲೆಗೆ ರಜೆ ಹಾಕಿದ್ದೆ. ಲ್ಯಾಪ್‌ಟಾಪಿನ ಮುಂದೆ ನಾನು, ಪಕ್ಕದಲ್ಲಿ ಯಜಮಾನರು, ಊರಿನಿಂದ ಬಂದಿದ್ದ ಮೈದುನ. ಮಗಳ ಕೈಯಲ್ಲಿ ನೋಟುಬುಕ್ಕು. ನಮ್ಮೂರಿನಲ್ಲಿ ಜಾತ್ರೆ ಮುಗಿದ ಮೇಲೆ ಗುಡಿಯ ಹುಣಸೆ ಮರಗಳ ಸವಾಲು ನಡೆಯುತ್ತದೆ. ಅಲ್ಲಿ ಎದುರಾಳಿಯ ಮುಖ ಕಾಣುತ್ತದೆ, ದನಿ ಕುಗ್ಗಿದ್ದು ಕೇಳುತ್ತದೆ, ಮೂರು ಸಲ ಕೂಗುವವರೆಗೆ ಹಿರಿಯರು ಕಾಯುತ್ತಾರೆ. ಪರದೆಯ ಮೇಲೆ ಇದ್ದದ್ದು ಒಂದು ಅಂಕಿ, ಒಂದು ಗಡಿಯಾರ. ಎದುರಿಗೆ ಎಷ್ಟು ಜನ ಇದ್ದಾರೆ, ಯಾರು ಎಂಬುದು ತಿಳಿಯುವುದಿಲ್ಲ. ಅತಿ ಹೆಚ್ಚಿನ ಕೂಗು ಎಷ್ಟು, ಅದು ನಮ್ಮದೋ ಅಲ್ಲವೋ ಎಂಬುದಷ್ಟೇ ತಿಳಿಯುತ್ತದೆ.

ಮೊದಲ ಕೂಗು 36,25,000ಕ್ಕೆ ಬಂದಾಗ 11 ಗಂಟೆ ದಾಟಿ ಕೆಲವೇ ನಿಮಿಷವಾಗಿತ್ತು. ನಾವು 36,50,000 ಹಾಕಿದೆವು. ಬಳಿಕ ಬಹಳ ಹೊತ್ತು ಪರದೆ ಅಲುಗಲಿಲ್ಲ. ಯಜಮಾನರಿಗೆ ಮನೆ ನಮ್ಮದೇ ಆಯಿತೆಂಬ ಆಸೆ ಮೂಡಿತು. ಆದರೆ ನಿಯಮದಲ್ಲಿ ಒಂದು ಮಾತಿತ್ತು: ಕೊನೆಯ 5 ನಿಮಿಷಗಳಲ್ಲಿ ಯಾರಾದರೂ ಬೆಲೆ ಏರಿಸಿದರೆ ಸಮಯ ಇನ್ನೂ 5 ನಿಮಿಷ ಮುಂದೆ ಹೋಗುತ್ತದೆ, ಮತ್ತೆ ಏರಿಸಿದರೆ ಮತ್ತೆ 5 ನಿಮಿಷ, ಇದಕ್ಕೆ ಮಿತಿಯಿಲ್ಲ. ನಿಜವಾದ ಹರಾಜು ಆರಂಭವಾದದ್ದು 12.56ಕ್ಕೆ. 38 ಲಕ್ಷ ದಾಟುವವರೆಗೆ ಕೂಗುಗಳು ಒಂದರ ಹಿಂದೊಂದು ಬಂದವು; ಆಗ ಮೂರು ಜನ ಇದ್ದೆವೆಂದು ಬ್ಯಾಂಕಿನ ಅಧಿಕಾರಿ ಆಮೇಲೆ ಹೇಳಿದರು. ಅಲ್ಲಿಂದ ಮುಂದೆ ಉಳಿದದ್ದು ಇಬ್ಬರೇ ಇರಬೇಕು, ಏಕೆಂದರೆ ನಮ್ಮ ಪ್ರತಿಯೊಂದು ಕೂಗಿಗೂ ಉತ್ತರ ಕೊನೆಯ ನಿಮಿಷದವರೆಗೆ ಕಾದು ಬರುತ್ತಿತ್ತು.

ಆ ಐದೈದು ನಿಮಿಷಗಳ ಕಾಯುವಿಕೆ ಮನಸ್ಸಿನ ಮೇಲೆ ಮಾಡುವ ಕೆಲಸವನ್ನು ನಾನು ಮೊದಲೇ ಊಹಿಸಿರಲಿಲ್ಲ. ಒಂದೊಂದು ಸಲಕ್ಕೂ ಏರುವುದು ಕೇವಲ 25,000. ಇಷ್ಟು ದೂರ ಬಂದು ಇಷ್ಟಕ್ಕೆ ಬಿಡುವುದೇ ಎಂದು ಪ್ರತಿ ಸಲವೂ ಅನ್ನಿಸುತ್ತದೆ. 41 ಲಕ್ಷ ದಾಟಿದಾಗ ಯಜಮಾನರು, “ಗಡಿ ದಾಟಿದ್ರ ಇನ್ನೊಂದು ಲಕ್ಷ ನೋಡಾಣೇನು?” ಎಂದರು. ಮೈದುನ ಕ್ಯಾಲೆಂಡರಿನ ಕಡೆ ಕೈ ತೋರಿಸಿ, “ವೈನಿ, ಅಲ್ಲಿ ಬರ್ದದ್ದು ಅಳಿಸಬ್ಯಾಡ್ರಿ” ಎಂದ. ಅವನ ಮಾತಿಗೆ ಕಾರಣವಿತ್ತು. ನಮ್ಮ 48 ಲಕ್ಷದಲ್ಲಿ ಮೂರು ಲಕ್ಷ ಅವನು ಆ ವರ್ಷದ ತೊಗರಿ ಮಾರಿ ಕೊಡಬೇಕಾದ ಹಣವಾಗಿತ್ತು. ಎದುರಿನಿಂದ 42,00,000 ಬಂತು. ನಾವು 42,25,000 ಹಾಕಿದೆವು. ಇನ್ನು ಒಂದೇ ಮೆಟ್ಟಿಲು ಉಳಿದಿತ್ತು. ಗಡಿಯಾರ ಇಳಿದು ಸೊನ್ನೆಯಾದಾಗ ಯಾರೂ ಮಾತನಾಡಲಿಲ್ಲ. ಮಗಳು ನೋಟುಬುಕ್ಕಿನಲ್ಲಿ ‘2.07’ ಎಂದು ಬರೆದಳು.

ಗೆದ್ದ ಮೇಲೆ ಕಾಲ ಓಡತೊಡಗುತ್ತದೆ. ಬೆಲೆಯ ಶೇ 25ನ್ನು ಅದೇ ದಿನ ಇಲ್ಲವೇ ಮರು ಕೆಲಸದ ದಿನದೊಳಗೆ ಕಟ್ಟಬೇಕು. ನಮಗೆ ಅದು 10,56,250; ಬಯಾನಾ ಕಳೆದು 6,96,250. ಮೊಬೈಲಿನಿಂದ ಕಳಿಸಲು ಹೋದರೆ ನಮ್ಮ ಖಾತೆಯ ದಿನದ ಮಿತಿ ಅಷ್ಟಿರಲಿಲ್ಲ. ಯಜಮಾನರು ಶಾಖೆಗೆ ಓಡಿ ಆರ್‌ಟಿಜಿಎಸ್ ಮಾಡಿಸಿದರು. ಉಳಿದ 31,68,750ನ್ನು ಮಾರಾಟ ದೃಢೀಕರಣವಾದ 15 ದಿನಗಳಲ್ಲಿ ಕಟ್ಟಬೇಕಿತ್ತು. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಈ ಅವಧಿ ಮೂರು ತಿಂಗಳವರೆಗೆ ಹೋಗಬಹುದು, ಆದರೆ ಒಪ್ಪಲೇಬೇಕೆಂದಿಲ್ಲ. ಕಟ್ಟದಿದ್ದರೆ ಆಗಲೇ ಕೊಟ್ಟ ಶೇ 25 ಪೂರ್ತಿ ಮುಟ್ಟುಗೋಲಾಗುತ್ತದೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅಂಥ ಮುಟ್ಟುಗೋಲನ್ನು ಎತ್ತಿಹಿಡಿದಿದೆ. ಗೃಹಸಾಲವನ್ನು ನಂಬಿ ಹರಾಜಿಗೆ ಇಳಿಯುವವರಿಗೆ ನಾನು ಹೇಳುವುದು ಇದನ್ನೇ: ಹರಾಜಿನ ಮೊದಲೇ ಸಾಲದ ಮಂಜೂರಾತಿ ಕೈಯಲ್ಲಿರಲಿ, ಗೆದ್ದ ಮೇಲೆ ಅರ್ಜಿ ಹಾಕಿದರೆ 15 ದಿನ ಸಾಲುವುದಿಲ್ಲ. ನಾವು ಠೇವಣಿ ಮುರಿದೆವು, ನನ್ನ ಒಡವೆ ಅಡವಿಟ್ಟೆವು. ಮೈದುನ ಬೆಲೆ ಏರಲೆಂದು ಹಿಡಿದಿಟ್ಟಿದ್ದ ತೊಗರಿಯನ್ನು ನಮಗಾಗಿ ಆ ವಾರವೇ ಮಾರಿದ. ಆ ಋಣವನ್ನು ನಾನು ಮರೆಯಲಾರೆ.

ಹನ್ನೆರಡನೆಯ ದಿನ ಹಣ ಪೂರ್ತಿ ಸಂದಾಯವಾಯಿತು. ಆದರೂ ನನಗೊಂದು ಅಳುಕು ಇತ್ತು. ಹಳೆಯ ಮಾಲೀಕರು ಈಗ ಬಂದು ಸಾಲ ತೀರಿಸುತ್ತೇನೆ ಎಂದರೆ? 2016ರ ತಿದ್ದುಪಡಿಯ ಪ್ರಕಾರ ಆ ಹಕ್ಕು ಹರಾಜಿನ ಪ್ರಕಟಣೆಯ ದಿನಕ್ಕೆ ಮುಗಿಯುತ್ತದೆ, 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟೂ ಹಾಗೆಯೇ ಹೇಳಿದೆ ಎಂದು ವಕೀಲರು ಸಮಾಧಾನ ಹೇಳಿದರು. ಮಾರಾಟ ಪ್ರಮಾಣಪತ್ರ ಕೈಗೆ ಬಂದಾಗ ನಾನು ಮೊದಲು ಓದಿದ್ದು ಚೆಕ್ಕುಬಂದಿಯನ್ನು. ಮತ್ತೆ ಪೂರ್ವಕ್ಕೆ ರಸ್ತೆ! ತಿದ್ದುಪಡಿ ಪತ್ರ ಮುಂದಿಟ್ಟು ಹೊಸ ಪ್ರಮಾಣಪತ್ರ ಪಡೆಯಲು ಒಂಬತ್ತು ದಿನ ಹೋದವು. ಆ ಪತ್ರ ಇಲ್ಲದಿದ್ದರೆ ತಪ್ಪು ಚೆಕ್ಕುಬಂದಿಯೇ ನೋಂದಣಿಗೂ ಖಾತೆಗೂ ಹೋಗಿ ಕೂರುತ್ತಿತ್ತು. ಮನೆಗೆ ಇ-ಖಾತಾ, ಎಂದರೆ ಪಾಲಿಕೆಯ ಗಣಕೀಕೃತ ಆಸ್ತಿ ದಾಖಲೆ, ಇರಲಿಲ್ಲ. ಹಳೆಯ ಕೈಬರಹದ ಖಾತಾ ಪ್ರತಿ, ಬಾಕಿ ಕಟ್ಟಿದ ರಸೀದಿ, ಮಾರಾಟ ಪ್ರಮಾಣಪತ್ರ, ಮನೆಯ ಫೋಟೊ ಕೊಟ್ಟು ಅದನ್ನು ಮಾಡಿಸಿದ ಮೇಲೆ, ಏಪ್ರಿಲ್‌ನಲ್ಲಿ, ಪ್ರಾಧಿಕೃತ ಅಧಿಕಾರಿ ಬಂದು ನೋಂದಣಿ ಮಾಡಿಕೊಟ್ಟರು. ಶುಲ್ಕ 2,78,850 ಆಯಿತು.

ಕೀಲಿ ಕೊಡುವ ದಿನ ಪಂಚನಾಮೆ ನಡೆಯಿತು. ಒಳಗೆ ಬ್ಯಾಂಕಿನವರ ಪಟ್ಟಿಯಲ್ಲಿ ಇಲ್ಲದ ಒಂದು ವಸ್ತು ಸಿಕ್ಕಿತು: ಅಟ್ಟದ ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ಅಂಕಪಟ್ಟಿಗಳ ಕಟ್ಟು. ಎಸೆಸೆಲ್ಸಿ, ಪಿಯುಸಿ, ಜಾತಿ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಅರ್ಹತಾ ಪತ್ರ. ನಾನು ಶಿಕ್ಷಕಿ, ಆ ಕಾಗದಗಳಿಲ್ಲದೆ ಒಬ್ಬ ಹುಡುಗ ಎಲ್ಲೆಲ್ಲಿ ತಡೆದು ನಿಲ್ಲಬೇಕಾಗುತ್ತದೆ ಎಂದು ನನಗೆ ಗೊತ್ತು. ಅವನ್ನು ಪಂಚನಾಮೆಯಲ್ಲಿ ಬರೆಯಿಸಿ, ಮನೆಯವರಿಗೆ ತಿಳಿಸುವಂತೆ ಅಧಿಕಾರಿಗಳನ್ನು ಕೇಳಿಕೊಂಡೆ. ಮರುವಾರ ಆ ಹುಡುಗನೇ ಬಂದ. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿರಬಹುದು. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತ.

ಅವನಿಗೆ ಒಂದು ವಿಷಯ ಹೇಳಬೇಕೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ಪ್ರಕಟಣೆಯಲ್ಲಿ ಅವರ ಬಾಕಿ 31,80,000 ಮತ್ತು ಮುಂದಿನ ಬಡ್ಡಿ, ಖರ್ಚು ಎಂದಿತ್ತು. ಮನೆ ಮಾರಿದ್ದು 42,25,000ಕ್ಕೆ. ಕಾಯ್ದೆಯ ಕಲಂ 13(7)ರ ಪ್ರಕಾರ ಖರ್ಚು ಮತ್ತು ಬಾಕಿ ಕಳೆದು ಉಳಿಯುವ ಹಣ ಅದಕ್ಕೆ ಹಕ್ಕುಳ್ಳವರಿಗೆ ಸಲ್ಲಬೇಕು. ಬೇರೆ ಯಾರ ಹಕ್ಕೂ ಇಲ್ಲದಿದ್ದರೆ ಅವರು ಸಾಲಗಾರರೇ. ಆ ಮಧ್ಯಾಹ್ನ ನಾವು ಮತ್ತು ಕಾಣದ ಆ ಇನ್ನೊಬ್ಬರು ಏರಿಸಿದ ಒಂದೊಂದು 25,000 ಕೂಡ ಈ ಮನೆಯವರ ಲೆಕ್ಕಕ್ಕೇ ಹೋಗಿದೆ.

“ನಮಗ ಬ್ಯಾಂಕಿನವ್ರು ಏನೂ ಹೇಳಿಲ್ರಿ ಮೇಡಂ” ಎಂದ ಅವನು.

“ನಿಮ್ಮ ತಂದಿಯವರ ಸಹಿ ಹಾಕ್ಸಿ ಒಂದು ಅರ್ಜಿ ಕೊಡಪ್ಪ. ಸಾಲದ ಖಾತೆಯ ಪೂರ್ತಿ ಲೆಕ್ಕ ಕೊಡ್ರಿ ಅಂತ ಕೇಳು, ಉಳದದ್ದು ಎಷ್ಟು ಅಂತ ಕೇಳು. ಸ್ವೀಕೃತಿ ತಗೊಳ್ಳದೆ ಬರಬ್ಯಾಡ” ಎಂದೆ.

ಅವನು ಅಂಕಪಟ್ಟಿಗಳ ಕಟ್ಟಿನ ಮೇಲಿದ್ದ ಲಕೋಟೆಯನ್ನು ತಿರುಗಿಸಿ, ನನ್ನ ಪೆನ್ನು ಕೇಳಿ ಪಡೆದು, ಅದರ ಹಿಂಬದಿಯಲ್ಲಿ ‘ಕಲಂ 13(7)’ ಎಂದು ಬರೆದುಕೊಂಡ. ಹೊರಡುವಾಗ ಹಿತ್ತಲಿನ ನಲ್ಲಿಯ ವಾಲ್ವು ಎಡಕ್ಕೆ ತಿರುಗಿಸಿದರೆ ಮಾತ್ರ ಮೇಲಿನ ಟ್ಯಾಂಕಿಗೆ ನೀರು ಏರುತ್ತದೆ ಎಂದು ಹೇಳಿ ಹೋದ.